ಹೊಸ ಮನೆಗೆ ಹೋಗುವ ಮುನ್ನ

ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ
ವಾಚನಗಳು: ಸಿರಾಖ 3:2-6, 12-14, ಕೊಲೊಸ್ಸೆಯರಿಗೆ 3:12-21, ಮತ್ತಾಯ 2:13-15, 19-23



ಕ್ರಿಸ್ಮಸ್ ಹಬ್ಬ ಮುಗಿದು ಇನ್ನೂ ಎಂಟು ದಿನ ಆಗಿಲ್ಲ. ನಮ್ಮ ದೇವಾಲಯದ ಗೋದಲಿ ಹಾಗೆಯೇ ಇದೆ. ಆದರೆ ಇಂದಿನ ಶುಭಸಂದೇಶದಲ್ಲಿ ಆ ಗೋದಲಿಯ ಕುಟುಂಬ ಆಗಲೇ ಗಂಟುಮೂಟೆ ಕಟ್ಟಿಕೊಂಡು ಹೊರಟಿದೆ. ನಡುರಾತ್ರಿ ಎದ್ದು ಬೆತ್ಲೆಹೇಮಿನಿಂದ ಈಜಿಪ್ಟಿಗೆ, ಕೆಲವು ಕಾಲದ ನಂತರ ಈಜಿಪ್ಟಿನಿಂದ ಮತ್ತೆ ಇಸ್ರಯೇಲ್ ನಾಡಿಗೆ, ಅಲ್ಲಿಯೂ ಜುದೇಯದಲ್ಲಿ ನಿಲ್ಲದೆ ಗಲಿಲೇಯದ ನಜರೇತಿಗೆ. ನಾವು ಪವಿತ್ರ ಕುಟುಂಬ ಎಂದು ಪೂಜಿಸುವ ಈ ಕುಟುಂಬ, ಮನೆ ಬದಲಿಸುವ ಕಷ್ಟವನ್ನು ಚೆನ್ನಾಗಿ ಬಲ್ಲ ಕುಟುಂಬ. ಆದ್ದರಿಂದ ಇಂದು ನಮ್ಮ ಅನೇಕ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ನಡೆಯುವ ಒಂದು ಚರ್ಚೆಯನ್ನೇ ಪ್ರಬೋಧನೆಯ ವಿಷಯವಾಗಿ ತೆಗೆದುಕೊಂಡಿದ್ದೇನೆ. ಹಳೆಯ ಬೀದಿಯ ಚಿಕ್ಕ ಮನೆಯನ್ನು ಬಿಟ್ಟು ವೈಟ್‌ಫೀಲ್ಡಿನಂಥ ಕಡೆ ದೊಡ್ಡ ಅಪಾರ್ಟ್‌ಮೆಂಟಿಗೆ ಹೋಗಬೇಕೇ, ಬೇಡವೇ?

ಕಳೆದ ವರ್ಷದ ಆಗಮನ ಕಾಲದಲ್ಲಿ ಒಂದು ಸಂಜೆ ಗಂಡ ಹೆಂಡತಿ ಇಬ್ಬರು ನನ್ನನ್ನು ಕಾಣಲು ಬಂದರು. ಅವರ ಜೊತೆ ಎಪ್ಪತ್ತು ದಾಟಿದ ತಾಯಿಯೂ ಇದ್ದರು. ಮಗ ವೈಟ್‌ಫೀಲ್ಡಿನ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಹೋಗಿ ಬರಲು ದಿನಕ್ಕೆ ಮೂರು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ಎಂಟನೆಯ ತರಗತಿಯ ಮಗಳಿಗೆ ಓದಲು ಒಂದು ಮೂಲೆಯೂ ಇಲ್ಲ. ಮಳೆ ಬಂದರೆ ಹೆಂಚು ಸೋರುತ್ತದೆ. ಸೊಸೆ ಎಲ್ಲವನ್ನೂ ಹೇಳಿ ಕೊನೆಗೆ ಕೇಳಿದಳು: “ಫಾದರ್, ಇಲ್ಲಿಂದ ಹೋಗೋದು ಪಾಪ ಅಲ್ಲ ತಾನೇ?”

“ಖಂಡಿತ ಪಾಪ ಅಲ್ಲಮ್ಮ” ಎಂದೆ. “ಆದ್ರೆ ಬನ್ನಿ, ಕೂತು ಲೆಕ್ಕ ಹಾಕೋಣ.”

ಲೆಕ್ಕ ಹಾಕಲು ಹೇಳಿದವನು ನಾನಲ್ಲ, ಪ್ರಭು ಯೇಸುವೇ. ಗೋಪುರ ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚನ್ನು ಎಣಿಸಬೇಕು ಎಂದು ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಅವರು ತಿಳಿಸುತ್ತಾರೆ. ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆದೆವು. ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ.

ಮೊದಲು ಲಾಭದ ಕಡೆ ನೋಡೋಣ. ಊರಿನ ಹೊರವಲಯಕ್ಕೆ ಹೋಗಿ ನೆಲೆಸುವುದು ನಮ್ಮ ಬೆಂಗಳೂರಿನವರಿಗೆ ಹೊಸದೇನಲ್ಲ. 1898ರಲ್ಲಿ ಪ್ಲೇಗ್ ಮಾರಿ ಬಂದು ಪೇಟೆ ಮತ್ತು ದಂಡುಪ್ರದೇಶದ ಇಕ್ಕಟ್ಟಾದ ಗಲ್ಲಿಗಳಲ್ಲಿ ಜನ ಸತ್ತಾಗ, ಗಾಳಿ ಬೆಳಕು ಇರುವ ಅಗಲವಾದ ರಸ್ತೆಗಳ ಬಡಾವಣೆಗಳು ಬೇಕೆಂದು ಎಲ್ಲರಿಗೂ ಅರಿವಾಯಿತು. ಮಲ್ಲೇಶ್ವರ, ಬಸವನಗುಡಿ, ಫ್ರೇಜರ್ ಟೌನ್ ಬೆಳೆದದ್ದು ಹೀಗೆ. ಇಂದು ನಾವು ಹಳೆಯ ಬಡಾವಣೆ ಎನ್ನುವ ಇವೆಲ್ಲ ಅಂದಿನ ಹೊಸ ಬಡಾವಣೆಗಳೇ. ವೈಟ್‌ಫೀಲ್ಡ್ ಇವುಗಳಿಗಿಂತ ಹಳೆಯದು. ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ನೆಲೆಸಲೆಂದು ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು 1882ರಲ್ಲಿ ಅಲ್ಲಿ 3,900 ಎಕರೆ ಭೂಮಿ ಕೊಟ್ಟರು. ಅದೇ ವರ್ಷ ಸೆಪ್ಟೆಂಬರ್ 8ರಂದು ಶಿವಾಜಿನಗರದಲ್ಲಿ ಈಗಿರುವ ಸಂತ ಮೇರಿ ದೇವಾಲಯದ ಪ್ರತಿಷ್ಠೆಯಾಯಿತು. ಒಂದೇ ವರ್ಷದಲ್ಲಿ ಕೆಲವರು ಊರಿನ ನಡುವೆ ದೇವರ ಆಲಯ ಕಟ್ಟಿದರು, ಕೆಲವರು ಊರಾಚೆ ಹೊಸ ಬದುಕು ಕಟ್ಟಲು ಹೊರಟರು. ಎರಡೂ ದೇವರ ಮಕ್ಕಳು ಮಾಡಿದ ಕೆಲಸವೇ.

ಹಾಗಾಗಿ ನಾವು ಲಾಭದ ಕಡೆ ಧಾರಾಳವಾಗಿಯೇ ಬರೆದೆವು. ತಂದೆ ಸಂಜೆ ಆರೂವರೆಗೆ ಮನೆ ಸೇರುತ್ತಾನೆ. ದಿನಕ್ಕೆ ಎರಡು ಗಂಟೆ ಉಳಿಯಿತು ಎಂದರೆ ಅದು ಮಕ್ಕಳ ಪಾಲಿಗೆ ತಂದೆಯೇ ಮರಳಿ ಸಿಕ್ಕಂತೆ. ಮಗಳಿಗೆ ಓದಲು ಕೋಣೆ ಸಿಗುತ್ತದೆ. ಮಕ್ಕಳು ವಾಹನದ ಭಯವಿಲ್ಲದೆ ಆಡಬಹುದು. ಮೊಣಕಾಲು ನೋವಿರುವ ತಾಯಿಗೆ ಲಿಫ್ಟ್ ಇರುತ್ತದೆ. ಹತ್ತಿರದಲ್ಲೇ ದೊಡ್ಡ ಆಸ್ಪತ್ರೆಗಳಿವೆ. 2023ರ ಅಕ್ಟೋಬರಿನಿಂದ ಮೆಟ್ರೋ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ನಗರದ ನಡುಭಾಗಕ್ಕೆ ನೇರವಾಗಿ ಓಡುತ್ತಿದೆ. ಇವು ಆಡಂಬರವಲ್ಲ, ಕುಟುಂಬದ ನಿಜವಾದ ಅಗತ್ಯಗಳು. ದೊಡ್ಡ ಮನೆಗೆ ಹೋದವರನ್ನೆಲ್ಲ ಲೋಕದ ಆಸೆಗೆ ಬಿದ್ದವರೆಂದು ಪೀಠದಿಂದ ಬೈಯುವುದು ಸುಲಭ. ಆದರೆ ಸೋರುವ ಹೆಂಚಿನ ಕೆಳಗೆ ಮಲಗುವವನು ಬೈಯುವವನಲ್ಲವಲ್ಲ!

ಇನ್ನು ನಷ್ಟದ ಕಡೆ. ಮೊದಲನೆಯದು ಸಾಲ. 80 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 69,400 ರೂಪಾಯಿ. 240 ತಿಂಗಳು ಕಟ್ಟಿ ಮುಗಿಸುವಾಗ ಕೊಟ್ಟ ಒಟ್ಟು ಹಣ 1 ಕೋಟಿ 66 ಲಕ್ಷ ದಾಟಿರುತ್ತದೆ. ಇದರ ಮೇಲೆ ತಿಂಗಳು ತಿಂಗಳು ನಿರ್ವಹಣಾ ಶುಲ್ಕ, ಹೊಸ ಶಾಲೆಯ ಫೀಸು. ನೆರೆಮನೆಯವರ ಕಾರು ನೋಡಿ ನಮಗೂ ಒಂದು ಬೇಕೆನ್ನಿಸುವ ಖರ್ಚು ಬೇರೆ. ನಾನು ಆ ಮಗನನ್ನು ಕೇಳಿದೆ, “ನಾಳೆ ಕಂಪನಿಯವರು ನಿನ್ನ ಕೆಲಸ ಬೇಡ ಅಂದ್ರೆ ಎಷ್ಟು ತಿಂಗಳು ಕಂತು ಕಟ್ಟಬಲ್ಲೆ?” ಅವನು ಉತ್ತರ ಕೊಡಲಿಲ್ಲ. ಕಂತು ಕಟ್ಟಲೆಂದೇ ತಂದೆತಾಯಿ ಇಬ್ಬರೂ ರಾತ್ರಿ ಹತ್ತರವರೆಗೆ ದುಡಿಯುವುದಾದರೆ, ಉಳಿಸಿದ ಆ ಎರಡು ಗಂಟೆ ಎಲ್ಲಿ ಹೋಯಿತು?

ಎರಡನೆಯದು ನೀರು ಮತ್ತು ನೆಲ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಪೂರ್ವ ಭಾಗದಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳು ಮುಳುಗಿ, ಅಲ್ಲಿನ ನಿವಾಸಿಗಳು ಟ್ರ್ಯಾಕ್ಟರುಗಳಲ್ಲಿ, ದೋಣಿಗಳಲ್ಲಿ ಹೊರಬಂದುದನ್ನು ನೋಡಿದ್ದೇವೆ. 2024ರ ಬೇಸಿಗೆಯಲ್ಲಿ ಅದೇ ಭಾಗದ ಅನೇಕ ಅಪಾರ್ಟ್‌ಮೆಂಟುಗಳ ಕೊಳವೆಬಾವಿ ಬತ್ತಿ, ಜನ ಟ್ಯಾಂಕರ್ ನೀರಿಗೆ ಕಾಯ್ದದ್ದನ್ನೂ ನೋಡಿದ್ದೇವೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆದರೆ ನೀವು ಕೊಳ್ಳುವ ಕಟ್ಟಡಕ್ಕೆ ಸಂಪರ್ಕ ಬಂದಿದೆಯೇ ಎಂದು ಕೇಳಿ ತಿಳಿಯಿರಿ. ಯೋಜನೆ ರೇರಾದಲ್ಲಿ ನೋಂದಣಿಯಾಗಿದೆಯೇ, ಓ.ಸಿ. ಸಿಕ್ಕಿದೆಯೇ, ಖಾತೆ ಸರಿಯಿದೆಯೇ, ಆ ಜಾಗ ಹಿಂದೆ ಕೆರೆಯೋ ರಾಜಕಾಲುವೆಯೋ ಆಗಿತ್ತೇ ಎಂದು ವಿಚಾರಿಸಿ. ಗುರುಗಳು ಇದನ್ನೆಲ್ಲ ಪ್ರಬೋಧನೆಯಲ್ಲಿ ಏಕೆ ಹೇಳುತ್ತಾರೆ ಎನ್ನಬೇಡಿ. ಮರಳಿನ ಮೇಲೆ ಮನೆ ಕಟ್ಟಿದವನ ಕಥೆಯನ್ನು ಹೇಳಿದವರು ಪ್ರಭುವೇ ಅಲ್ಲವೇ!

ಮೂರನೆಯದು ನೆರೆಹೊರೆ. ಹಳೆಯ ಬೀದಿಯಲ್ಲಿ ಒಂದು ಮನೆಯಲ್ಲಿ ಅಳುವುದು ಕೇಳಿದರೆ ಮೂರು ಮನೆಯವರು ಓಡಿ ಬರುತ್ತಾರೆ. ಸತ್ತವರ ಮನೆಗೆ ಹೇಳದೆಯೇ ಅನ್ನ ಬರುತ್ತದೆ. ಅಲ್ಲಿ ಗೇಟು, ಕಾವಲುಗಾರ, ಕ್ಯಾಮೆರಾ. ಕೆಲಸಕ್ಕೆ ಬರುವ ಹೆಂಗಸಿಗೆ ಕೆಲವು ಕಡೆ ಲಿಫ್ಟೇ ಬೇರೆ. ವಿಶ್ವಗುರು ಫ್ರಾನ್ಸಿಸ್‌ರವರು 2015ರ ತಮ್ಮ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ, ಹೊರಗಿನವರಿಗೆ ಬಾಗಿಲು ಮುಚ್ಚಿ ತಮಗಷ್ಟೇ ನೆಮ್ಮದಿಯನ್ನು ಕಟ್ಟಿಕೊಳ್ಳುವ ಇಂಥ ಬಡಾವಣೆಗಳ ಬಗ್ಗೆ ಎಚ್ಚರಿಸಿದ್ದರು. ಬಡವನ ಮುಖವನ್ನೇ ನೋಡದೆ ಬೆಳೆಯುವ ಮಗು, ಕ್ರಿಸ್ತನ ಮುಖವನ್ನು ಎಲ್ಲಿ ಗುರುತಿಸೀತು?

ನಾಲ್ಕನೆಯದು ನಮ್ಮ ವಿಶ್ವಾಸದ ಬದುಕು. ಇಲ್ಲಿ ಗುಡಿಯ ಗಂಟೆ ಮನೆಯೊಳಗೇ ಕೇಳುತ್ತದೆ. ಮಗಳು ಗಾನವೃಂದದಲ್ಲಿ ಹಾಡುತ್ತಾಳೆ, ಮಗ ಪೀಠಸೇವಕ. ಅಜ್ಜಿ ಕನ್ನಡದಲ್ಲಿ ಜಪಸರ ಹೇಳಿಕೊಡುತ್ತಾರೆ. ಹೊಸ ಕಡೆಯೂ ದೇವಾಲಯಗಳಿವೆ, ಬಲಿಪೂಜೆಗಳಿವೆ, ಒಳ್ಳೆಯ ಗುರುಗಳಿದ್ದಾರೆ. ಆದರೆ ಅಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯುವವರು ಇರುವುದಿಲ್ಲ. ಒಂದು ಭಾನುವಾರ ಹೋಗದಿದ್ದರೆ ಏಕೆ ಬರಲಿಲ್ಲ ಎಂದು ಕೇಳುವವರೂ ಇಲ್ಲ. ಹೀಗೆ ಒಂದು ಭಾನುವಾರ ಎರಡಾಗಿ, ಎರಡು ನಾಲ್ಕಾಗಿ, ಕ್ರಿಸ್ಮಸ್ ಮತ್ತು ಪಾಸ್ಖ ಹಬ್ಬಕ್ಕೆ ಮಾತ್ರ ದೇವಾಲಯ ಕಾಣುವ ಕುಟುಂಬಗಳನ್ನು ನಾನು ಬಲ್ಲೆ. ಅವರು ದೇವರನ್ನು ಬಿಡಬೇಕೆಂದು ಹೋದವರಲ್ಲ. ವಿಳಾಸ ಬದಲಾಯಿತು, ರೂಢಿ ತಪ್ಪಿತು, ಅಷ್ಟೇ.

ಹಾಳೆಯ ಎರಡೂ ಕಡೆ ತುಂಬಿತು. ಯಾವ ಕಡೆ ಭಾರ ಎಂದು ಹೇಳಲಾಗಲಿಲ್ಲ. ಆಗ ನನಗೆ ಇದ್ದಕ್ಕಿದ್ದಂತೆ ಅರಿವಾಯಿತು: ಇಷ್ಟು ಹೊತ್ತು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ತಾಯಿ ಒಂದು ಮಾತನ್ನೂ ಆಡಿರಲಿಲ್ಲ. “ಅಮ್ಮನ್ನ ಕೇಳಿದ್ರಾ?” ಎಂದೆ. ಮಗ, “ಕೇಳಿದ್ವಿ ಫಾದರ್, ಆಯ್ತು ಅಂದ್ರು” ಎಂದ. ತಾಯಿ ನಗುತ್ತಾ, “ನನ್ನದೇನು ಸ್ವಾಮೇರೇ, ನೀವೆಲ್ಲಾ ಎಲ್ಲಿರ್ತೀರೋ ಅಲ್ಲೇ ನಾನೂ ಇರ್ತೀನಿ ಅಂದೆ” ಎಂದರು. ತುಟಿ ನಗುತ್ತಿತ್ತು, ಸೆರಗು ಮಾತ್ರ ಕಣ್ಣಿನ ಬಳಿ ಇತ್ತು.

ಪ್ರಿಯರೇ, ನಮ್ಮ ಮನೆಯ ಹಿರಿಯರ ‘ಆಯ್ತು’ ಎಂಬ ಮಾತನ್ನು ಅವಸರದಲ್ಲಿ ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ. ಎಷ್ಟೋ ಸಲ ಅದು ಒಪ್ಪಿಗೆಯಲ್ಲ, ಮಕ್ಕಳಿಗೆ ಹೊರೆಯಾಗಬಾರದೆಂಬ ಭಯ. ಇಂದಿನ ಮೊದಲನೆಯ ವಾಚನದಲ್ಲಿ ಸಿರಾಖನು ಹೇಳುವುದು ಇದನ್ನೇ. ತಂದೆತಾಯಿ ಮುಪ್ಪಿನಲ್ಲಿರುವಾಗ ಅವರಿಗೆ ಆಸರೆಯಾಗು, ಅವರ ಬುದ್ಧಿ ಮಂದವಾದರೂ ಅವರ ಮನಸ್ಸನ್ನು ನೋಯಿಸಬೇಡ ಎನ್ನುತ್ತಾನೆ. ಆಸರೆ ಎಂದರೆ ಅಟ್ಯಾಚ್ಡ್ ಬಾತ್‌ರೂಮ್ ಇರುವ ಕೋಣೆಯಷ್ಟೇ ಅಲ್ಲ. ಮಾತನಾಡಲು ಒಬ್ಬರು, ನಡೆದು ಹೋಗಲು ಒಂದು ಗುಡಿ, ಹೆಸರಿಟ್ಟು ಕರೆಯುವ ಒಂದು ಬೀದಿ. ಇದೂ ಆಸರೆಯೇ.

ಈಗ ದೇವರ ವಾಕ್ಯದಿಂದ ಎರಡು ಚಿತ್ರಗಳನ್ನು ನಿಮ್ಮ ಮುಂದಿಡುತ್ತೇನೆ. ಎರಡೂ ಮನೆ ಬದಲಿಸಿದವರ ಚಿತ್ರಗಳು.

ಮೊದಲನೆಯದು ಆದಿಕಾಂಡದ 13ನೇ ಅಧ್ಯಾಯದಲ್ಲಿದೆ. ಅಬ್ರಹಾಮ ಮತ್ತು ಅವನ ತಮ್ಮನ ಮಗ ಲೋಟ ಇಬ್ಬರ ದನಕುರಿಗಳೂ ಹೆಚ್ಚಾಗಿ ಜಾಗ ಸಾಲದಾಯಿತು. ಹಿರಿಯನಾದ ಅಬ್ರಹಾಮನು ನಿನಗೆ ಬೇಕಾದ ಕಡೆ ಆರಿಸಿಕೋ ಎಂದು ಕಿರಿಯವನಿಗೇ ಬಿಟ್ಟುಕೊಟ್ಟ. ಲೋಟ ಕಣ್ಣೆತ್ತಿ ನೋಡಿದ. ಜೋರ್ಡನ್ ಬಯಲು ನೀರಾವರಿಯಿಂದ ತೋಟದಂತೆ ಕಂಡಿತು. ಕಂಡದ್ದನ್ನು ಆರಿಸಿಕೊಂಡ. ಅಲ್ಲಿ ನೆರೆಯವರು ಎಂಥವರು, ತನ್ನ ಹೆಂಡತಿ ಮಕ್ಕಳು ಅಲ್ಲಿ ಏನಾದಾರು ಎಂದು ಅವನು ಕೇಳಿದ್ದು ಎಲ್ಲಿಯೂ ಬರೆದಿಲ್ಲ. ಸೊದೋಮಿನ ಹತ್ತಿರದವರೆಗೂ ಗುಡಾರ ಹಾಕಿದ, ಕೊನೆಗೆ ಸೊದೋಮಿನಲ್ಲೇ ಮನೆ ಮಾಡಿದ. ಅಬ್ರಹಾಮನೂ ಅದೇ ಹೊತ್ತಿನಲ್ಲಿ ಗುಡಾರ ಕಿತ್ತು ಹೆಬ್ರೋನಿನ ಮಮ್ರೆಗೆ ಹೋದ. ಆದರೆ ಹೋದ ಕಡೆ ಅವನು ಸರ್ವೇಶ್ವರನಿಗೆ ಬಲಿಪೀಠ ಕಟ್ಟಿದ. ಇಬ್ಬರೂ ಮನೆ ಬದಲಿಸಿದರು. ಒಬ್ಬನು ಹುಲ್ಲು ನೋಡಿದ, ಇನ್ನೊಬ್ಬನು ಬಲಿಪೀಠ ಕಟ್ಟಿದ.

ಎರಡನೆಯ ಚಿತ್ರ ಇಂದಿನ ಶುಭಸಂದೇಶದ್ದು. ಸಂತ ಜೋಸೆಫರಿಗೆ ದೇವದೂತ ಎರಡು ಸಲ ಕೊಟ್ಟ ಅಪ್ಪಣೆಯಲ್ಲಿಯೂ ಒಂದೇ ಅಳತೆಗೋಲು ಇದೆ: ಮಗು ಮತ್ತು ಮಗುವಿನ ತಾಯಿ. ಎಲ್ಲಿ ಕೆಲಸ ಚೆನ್ನಾಗಿ ಸಿಗುತ್ತದೆ ಎಂಬುದು ಮೊದಲ ಪ್ರಶ್ನೆಯಲ್ಲ. ಮನೆಯಲ್ಲಿ ಎಲ್ಲರಿಗಿಂತ ಬಲಹೀನರು ಯಾರು, ಅವರು ಎಲ್ಲಿ ಬದುಕುತ್ತಾರೆ ಎಂಬುದು ಮೊದಲ ಪ್ರಶ್ನೆ. ಹೆರೋದನಿಂದ ಮಗುವಿಗೆ ಅಪಾಯವಿದ್ದಾಗ ಜೋಸೆಫರು ಅದೇ ರಾತ್ರಿ ಹೊರಟರು, ತಡಮಾಡಲಿಲ್ಲ. ಮರಳಿ ಬರುವಾಗ ಜುದೇಯದಲ್ಲಿ ಹೆರೋದನ ಮಗ ಅರ್ಖೆಲಾಯ ಆಳುತ್ತಿದ್ದಾನೆಂದು ತಿಳಿದು ಅಲ್ಲಿ ನಿಲ್ಲಲು ಹೆದರಿದರು. ಆ ಹೆದರಿಕೆಯೂ ಪ್ರೀತಿಯಿಂದ ಹುಟ್ಟಿದ್ದು.

ಅವರು ನೆಲೆಸಿದ ನಜರೇತ್ ಒಂದು ಚಿಕ್ಕ ಹಳ್ಳಿ. ಅಲ್ಲಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ಸೆಪ್ಫೋರಿಸ್ ಎಂಬ ಪಟ್ಟಣ ಇತ್ತು. ಹೆರೋದನ ಇನ್ನೊಬ್ಬ ಮಗ ಅಂತಿಪನು ಅದನ್ನು ತನ್ನ ರಾಜಧಾನಿಯಾಗಿ ವೈಭವದಿಂದ ಮತ್ತೆ ಕಟ್ಟಿಸುತ್ತಿದ್ದ ಕಾಲ ಅದು. ಜೋಸೆಫರಂಥ ಕುಶಲಕರ್ಮಿಗಳು ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದಿರಬಹುದು ಎಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಶುಭಸಂದೇಶಗಳಲ್ಲಿ ಆ ಪಟ್ಟಣದ ಹೆಸರೇ ಬರುವುದಿಲ್ಲ. ಆದರೆ ಇಷ್ಟು ಮಾತ್ರ ನಿಜ: ದೇವಪುತ್ರರು ಬೆಳೆದದ್ದು ಹತ್ತಿರದ ಶ್ರೀಮಂತ ಪಟ್ಟಣದಲ್ಲಲ್ಲ, ಹಳ್ಳಿಯ ಮನೆಯಲ್ಲಿ. ಅಲ್ಲಿ ಅವರು ಜ್ಞಾನದಲ್ಲಿಯೂ ಪ್ರಾಯದಲ್ಲಿಯೂ ಬೆಳೆದರು. ವಿಶ್ವಗುರು ಆರನೆಯ ಪೌಲರು 1964ರ ಜನವರಿ 5ರಂದು ನಜರೇತಿಗೆ ಹೋದಾಗ, ಆ ಮನೆ ನಮಗೆ ಮೌನ, ಕುಟುಂಬ ಜೀವನ ಮತ್ತು ದುಡಿಮೆ ಈ ಮೂರರ ಪಾಠ ಕಲಿಸುತ್ತದೆ ಎಂದು ನೆನಪಿಸಿದ್ದರು. ಈ ಮೂರೂ ಚದರಡಿ ಲೆಕ್ಕದಲ್ಲಿ ಸಿಗುವಂಥವಲ್ಲ.

ಹಾಗೆಂದು ಚಿಕ್ಕ ಮನೆ ಪವಿತ್ರ, ದೊಡ್ಡ ಮನೆ ಅಪವಿತ್ರ ಎಂದು ನಾನು ಹೇಳುತ್ತಿಲ್ಲ. ಪ್ರಭು ಯೇಸುವೇ ಮುಂದೆ ನಜರೇತನ್ನು ಬಿಟ್ಟು ಸರೋವರದ ತೀರದ ಕಫೆರ್ನವುಮಿಗೆ ಹೋಗಿ ನೆಲೆಸಿದರು. ಹೋಗುವುದು ತಪ್ಪಲ್ಲ, ಉಳಿಯುವುದೇ ಪುಣ್ಯವೂ ಅಲ್ಲ. ಹೋಗುವಾಗ ಯಾರ ಕಡೆ ನೋಡಿ ಹೊರಟಿರಿ, ಹೋದ ಮೇಲೆ ಮೊದಲು ಏನು ಕಟ್ಟಿದಿರಿ, ಪ್ರಶ್ನೆ ಇಷ್ಟೇ.

ಆ ಕುಟುಂಬಕ್ಕೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲು, ಮನೆಯ ಹಿರಿಯರನ್ನು ಎಲ್ಲರ ಮುಂದೆ ಅಲ್ಲ, ಒಬ್ಬರೇ ಇರುವಾಗ ಹತ್ತಿರ ಕುಳಿತು ಮತ್ತೊಮ್ಮೆ ಕೇಳಿ. ಎರಡನೆಯದಾಗಿ, ಹಳೆಯ ಮನೆಯನ್ನು ಆತುರದಲ್ಲಿ ಮಾರಬೇಡಿ. ಸಾಧ್ಯವಾದರೆ ಒಂದು ವರ್ಷ ಅಲ್ಲಿ ಬಾಡಿಗೆಗೆ ಇದ್ದು ನೋಡಿ. ಮೂರನೆಯದಾಗಿ, ಮನೆ ನೋಡಲು ಹೋದಾಗ ಈಜುಕೊಳ ನೋಡುವ ಮೊದಲು ಹತ್ತಿರದ ದೇವಾಲಯ ನೋಡಿ ಬನ್ನಿ. ಅಲ್ಲಿನ ಗುರುಗಳನ್ನು ಕಂಡು, ಧರ್ಮೋಪದೇಶ ತರಗತಿ ಯಾವಾಗ, ಕನ್ನಡ ಬಲಿಪೂಜೆ ಇದೆಯೇ ಎಂದು ಕೇಳಿ. ನಾಲ್ಕನೆಯದಾಗಿ, ಒಬ್ಬರ ಸಂಬಳ ನಿಂತರೂ ಮನೆ ನಡೆಯುವಷ್ಟೇ ಸಾಲ ಮಾಡಿ. ಐದನೆಯದಾಗಿ, ಹೊಸ ಮನೆಯಲ್ಲಿ ಟಿವಿಯ ಜಾಗ ಗೊತ್ತುಮಾಡುವ ಮೊದಲು ಪ್ರಾರ್ಥನೆಯ ಪೀಠದ ಜಾಗ ಗೊತ್ತುಮಾಡಿ.

ಮುಂದೇನಾಯಿತು ಎಂದು ಕೇಳುತ್ತೀರಿ. ಆ ರಾತ್ರಿಯೇ ಮಗ ತಾಯಿಯ ಮಂಚದ ಬಳಿ ಕುಳಿತು ಕೇಳಿದನಂತೆ. ಆಗ ತಾಯಿ ಹೇಳಿದ್ದು, “ಮನೆ ಎಲ್ಲಾದ್ರೂ ಸರಿ ಮಗಾ. ದಿನಾ ಪೂಜೆಗೆ ನಾನೇ ಹೋಗೋ ಹಾಗಿರ್ಲಿ, ಯಾರನ್ನೂ ಕಾಯೋ ಹಾಗೆ ಮಾಡ್ಬೇಡ.” ನೋಡಿಟ್ಟಿದ್ದ ಮೂರು ಬೆಡ್‌ರೂಮಿನ ಮನೆಯಿಂದ ದೇವಾಲಯ ದೂರವಿತ್ತು. ಅದನ್ನು ಬಿಟ್ಟು, ದೇವಾಲಯಕ್ಕೆ ಹತ್ತಿರವಿರುವ ಎರಡು ಬೆಡ್‌ರೂಮಿನ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಹೋದರು. ಇಲ್ಲಿನ ಮನೆಯನ್ನು ಮಾರಲಿಲ್ಲ, ಹೆಂಚು ರಿಪೇರಿ ಮಾಡಿಸಿ ನಮ್ಮ ಧರ್ಮಕೇಂದ್ರದ ಇನ್ನೊಂದು ಕುಟುಂಬಕ್ಕೆ ಕೊಟ್ಟರು. ಹೊರಡುವ ದಿನ ಯೇಸುವಿನ ಪವಿತ್ರ ಹೃದಯದ ಪಟವನ್ನು ತಾಯಿ ಲಾರಿಗೆ ಹಾಕಲು ಬಿಡಲಿಲ್ಲ. ಮಡಿಲಲ್ಲಿ ಇಟ್ಟುಕೊಂಡೇ ಹೋದರು.

ಈಚೆಗೆ ಶಿವಾಜಿನಗರದ ಮರಿಯಮ್ಮನವರ ಹಬ್ಬದಲ್ಲಿ ಸಿಕ್ಕಿದ್ದರು. ಮೆಟ್ರೋದಲ್ಲಿ ಮೊಮ್ಮಗಳ ಜೊತೆ ಬಂದಿದ್ದರು. “ಹೇಗಿದ್ದೀರಮ್ಮ?” ಎಂದೆ. “ಮೊದಲು ಮೂರು ತಿಂಗಳು ಅತ್ತೆ ಸ್ವಾಮೇರೇ. ಈಗ್ಲೂ ಗಂಟೆ ಕೇಳಲ್ಲ ಅನ್ನೋದೊಂದು ಕೊರಗು. ಸಂಜೆ ಆರಕ್ಕೆ ಇವಳು ಮೊಬೈಲಲ್ಲಿ ಗಂಟೆ ಬಾರಿಸ್ತಾಳೆ. ಮಗ ಅಷ್ಟೊತ್ತಿಗೆ ಬಂದಿರ್ತಾನೆ. ಎಲ್ಲಾ ಸೇರಿ ಜಪಸರ ಹೇಳ್ತೀವಿ. ಕೆಳಗಿನ ಮನೆ ಕೆಲಸಕ್ಕೆ ಬರೋ ಒಬ್ಬಳು ನಮ್ಮೋಳೇ, ಅವಳೂ ಬಂದು ಕೂತ್ಕೋತಾಳೆ” ಎಂದರು. ಕಳೆದುಕೊಂಡದ್ದು ಇಲ್ಲವೆಂದು ಅವರು ಹೇಳಲಿಲ್ಲ. ಆದರೆ ಆ ಮನೆಯಲ್ಲಿ ಬಲಿಪೀಠ ಕಟ್ಟಲಾಗಿದೆ ಎಂದು ನನಗೆ ತಿಳಿಯಿತು.

ಕೊನೆಯದಾಗಿ ಮೂರು ಮಾತು. ಈಗಾಗಲೇ ಹೊಸ ಬಡಾವಣೆಗೆ ಹೋಗಿ ನೆಲೆಸಿ, ಇಂದು ಹಬ್ಬಕ್ಕೆಂದು ಇಲ್ಲಿಗೆ ಬಂದಿರುವವರೇ, ನೀವು ನಮ್ಮಿಂದ ದೂರವಾದವರಲ್ಲ. ಆದರೆ ನೀವಿರುವ ಕಡೆಯ ಧರ್ಮಕೇಂದ್ರದಲ್ಲಿ ಇಂದೇ ಹೆಸರು ಬರೆಸಿ. ಅಲ್ಲಿ ಅತಿಥಿಗಳಾಗಿ ಉಳಿಯಬೇಡಿ, ಮನೆಯವರಾಗಿ. ಹೋಗಬೇಕೆಂದರೂ ಹೋಗಲು ಕೈಯಲ್ಲಿ ಹಣವಿಲ್ಲದೆ ಕೊರಗುವವರೇ, ನಿಮ್ಮ ಮನೆ ಚಿಕ್ಕದೆಂದು ಮಕ್ಕಳ ಮುಂದೆ ನಾಚಬೇಡಿ. ದೇವರ ಮಗನಿಗೆ ಸಾಕಾದ ಮನೆ ಅದಕ್ಕಿಂತ ದೊಡ್ಡದೇನಾಗಿರಲಿಲ್ಲ. ಇಲ್ಲೇ ಉಳಿಯುವವರೇ, ಹೋದವರ ಮೇಲೆ ಹೊಟ್ಟೆಕಿಚ್ಚೂ ಬೇಡ, ಟೀಕೆಯೂ ಬೇಡ. ಸಂತ ಪೌಲರು ಎರಡನೆಯ ವಾಚನದಲ್ಲಿ ಹೇಳಿದ ಹಾಗೆ ಕರುಣೆ, ದಯೆ, ದೀನತೆ, ತಾಳ್ಮೆಗಳನ್ನು ಧರಿಸಿಕೊಂಡು, ಅವೆಲ್ಲದರ ಮೇಲೆ ಪ್ರೀತಿಯನ್ನು ತೊಟ್ಟುಕೊಳ್ಳೋಣ. ಯಾವ ಬಡಾವಣೆಗೆ ಹೋದರೂ ಬದಲಿಸಬೇಕಾಗಿಲ್ಲದ ಉಡುಪು ಅದೊಂದೇ.

ಮಗುವನ್ನೂ ತಾಯಿಯನ್ನೂ ಕೈಹಿಡಿದು ನಡೆಸಿದ ಸಂತ ಜೋಸೆಫರು ನಮ್ಮ ಕುಟುಂಬಗಳ ಯಜಮಾನರಿಗೆ ವಿವೇಕವನ್ನೂ, ಎಲ್ಲವನ್ನೂ ಹೃದಯದಲ್ಲಿಟ್ಟುಕೊಂಡು ಧ್ಯಾನಿಸಿದ ಮಾತೆ ಮರಿಯಮ್ಮನವರು ನಮ್ಮ ತಾಯಂದಿರಿಗೆ ಧೈರ್ಯವನ್ನೂ, ತಂದೆತಾಯಿಗೆ ವಿಧೇಯರಾಗಿ ಬೆಳೆದ ಪ್ರಭು ಯೇಸು ನಮ್ಮ ಮಕ್ಕಳಿಗೆ ಪ್ರೀತಿಯನ್ನೂ ದಯಪಾಲಿಸಲಿ. ನಾವು ಹೋಗುವ ಮನೆಯಲ್ಲಿಯೂ ಉಳಿಯುವ ಮನೆಯಲ್ಲಿಯೂ ದೇವರೇ ಮೊದಲು ಪ್ರವೇಶಿಸಲಿ. ಆಮೆನ್.